ಹೂಗಡ್ಡೆ ನೆಡುವ ಸಲಕರಣೆಗಳು: ಮಣ್ಣು ನೋಡಿ, ಗಡ್ಡೆ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಗಡ್ಡೆಯಿಂದ ಬೆಳೆಯುವ ಹೂಗಿಡಗಳನ್ನು ಹಿತ್ತಲಲ್ಲಿ ನೆಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಐದಾರು ಸಲಕರಣೆಗಳ ಒಂದು ಸೆಟ್ಟನ್ನು. ಬಣ್ಣದ ಪ್ಲಾಸ್ಟಿಕ್ ಹಿಡಿ, ತೆಳು ತಗಡಿನ ಅಲಗು, ಜೊತೆಗೆ ಗಡ್ಡೆ ಇಡಲು ರಂಧ್ರ ಕೊರೆಯುವ ಕೊಳವೆಯಾಕಾರದ ಒಂದು ಬಲ್ಬ್ ಪ್ಲಾಂಟರ್ ಅದರಲ್ಲಿರುತ್ತವೆ. ಇವುಗಳಲ್ಲಿ ಒಂದೆರಡು ಉಪಯೋಗಕ್ಕೆ ಬರುತ್ತವೆ, ಒಂದು ಬೇಗನೆ ಬಾಗುತ್ತದೆ, ಉಳಿದವು ಮೂಲೆ ಸೇರುತ್ತವೆ. ಇಂಥ ಸೆಟ್ಟುಗಳ ಹಿಂದಿರುವ ಕಲ್ಪನೆ ಟ್ಯೂಲಿಪ್ ಮತ್ತು ಡ್ಯಾಫೊಡಿಲ್ ಗಡ್ಡೆಗಳನ್ನು ತೇವವಾದ ಮೆತ್ತನೆಯ ನೆಲಕ್ಕೆ ಇಳಿಸುವ ಶೀತ ದೇಶಗಳ ತೋಟದ್ದು. ಸುಗಂಧರಾಜ, ಗ್ಲ್ಯಾಡಿಯೋಲಸ್, ಡೇರೆ (ಡಾಲಿಯಾ), ಮಳೆ ಲಿಲ್ಲಿ, ಅಮರಿಲ್ಲಿಸ್‌ಗಳನ್ನು ಕೆಂಪು ಮಣ್ಣಿಗೋ ಎರೆ ಮಣ್ಣಿಗೋ ಜಂಬಿಟ್ಟಿಗೆ ನೆಲಕ್ಕೋ ನೆಡುವ ನಮಗೆ ಬೇಕಾದ ಸಲಕರಣೆಗಳು ಕಡಿಮೆ, ಮತ್ತು ಬೇರೆ. ಅವನ್ನು ಆರಿಸುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದೆ.

ಮೊದಲ ಹಂತ: ಗಡ್ಡೆಯ ಗಾತ್ರ ಮತ್ತು ಆಳವನ್ನು ಬರೆದುಕೊಳ್ಳಿ

ಸಲಕರಣೆಯ ಅಗಲ ಮತ್ತು ಉದ್ದವನ್ನು ನಿರ್ಧರಿಸುವುದು ಗಡ್ಡೆ. ಗಡ್ಡೆಯ ಎತ್ತರದ ಎರಡರಿಂದ ಮೂರು ಪಟ್ಟು ಆಳಕ್ಕೆ ನೆಡಬೇಕೆಂಬ ಸೂತ್ರವನ್ನು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಕಡೆಯ ಅನೇಕ ಗಡ್ಡೆಗಳು ಆ ಸೂತ್ರಕ್ಕೆ ಒಗ್ಗುವುದಿಲ್ಲ. ಸುಗಂಧರಾಜದ ಗಡ್ಡೆ ಎರಡು, ಎರಡೂವರೆ ಸೆಂ.ಮೀ. ದಪ್ಪವಿದ್ದರೆ ಹೂ ಕೊಡಲು ಸಾಕಷ್ಟು ಬಲಿತಿದೆ ಎಂದರ್ಥ, ಮತ್ತು ಅದಕ್ಕೆ ಸುಮಾರು 5 ಸೆಂ.ಮೀ. ಆಳ ಸಾಕು. ಗ್ಲ್ಯಾಡಿಯೋಲಸ್ ಗಡ್ಡೆ ಚಪ್ಪಟೆಯಾಗಿ 4–5 ಸೆಂ.ಮೀ. ಅಗಲವಿರುತ್ತದೆ, ಗಿಡ ಎತ್ತರ ಬೆಳೆದು ಗಾಳಿಗೆ ವಾಲುವುದರಿಂದ ಅದನ್ನು ಸ್ವಲ್ಪ ಕೆಳಗೆ, 8–10 ಸೆಂ.ಮೀ. ಆಳದಲ್ಲಿ ಇಡುವುದು ಒಳ್ಳೆಯದು. ಮಳೆ ಲಿಲ್ಲಿಯ ಗಡ್ಡೆ ಸಾಂಬಾರ್ ಈರುಳ್ಳಿಯಷ್ಟೇ ಇರುತ್ತದೆ, ಮೂರು ನಾಲ್ಕು ಸೆಂ.ಮೀ. ಆಳಕ್ಕೆ ಹೋದರೆ ಸಾಕು.

ಅಮರಿಲ್ಲಿಸ್ ಎಂದು ನರ್ಸರಿಗಳಲ್ಲಿ ಮಾರುವ ಹಿಪ್ಪಿಯಾಸ್ಟ್ರಮ್ ಗಡ್ಡೆಯ ಮೇಲಿನ ಮೂರನೇ ಒಂದು ಭಾಗ ಮಣ್ಣಿನಿಂದ ಹೊರಗೆ ಕಾಣಬೇಕು. ಪೂರ್ತಿ ಮುಚ್ಚಿದರೆ ಮಳೆಗಾಲದಲ್ಲಿ ಕುತ್ತಿಗೆಯ ಬಳಿ ನೀರು ನಿಂತು ಕೊಳೆಯುತ್ತದೆ. ಫುಟ್‌ಬಾಲ್ ಲಿಲ್ಲಿ ಎಂದೂ ಕರೆಯುವ ಮೇ ಹೂವಿನ ಗಡ್ಡೆಯ ತುದಿ ನೆಲದ ಮಟ್ಟಕ್ಕೆ ಇರಬೇಕು. ಮಲೆನಾಡಿನವರು ಡೇರೆ ಎನ್ನುವ ಡಾಲಿಯಾದ ಗಡ್ಡೆಯಂತೂ ಒಂಟಿಯಾಗಿ ಇರುವುದೇ ಅಪರೂಪ. ಕಾಂಡದ ಬುಡಕ್ಕೆ ಅಂಟಿಕೊಂಡ ಗೊಂಚಲು ಕೆಲವೊಮ್ಮೆ ಒಂದು ಗೇಣು ಅಗಲವಿರುತ್ತದೆ, 10–15 ಸೆಂ.ಮೀ. ಆಳದ ಅಗಲವಾದ ಗುಂಡಿಯನ್ನು ಕೇಳುತ್ತದೆ.

ಈ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು ಅಂಗಡಿಗೆ ಒಯ್ದರೆ ಅರ್ಧ ಆಯ್ಕೆ ತಾನಾಗಿಯೇ ಮುಗಿಯುತ್ತದೆ. ಕೈ ಬಲ್ಬ್ ಪ್ಲಾಂಟರುಗಳ ಬಾಯಿ ಹೆಚ್ಚಾಗಿ ಆರೇಳು ಸೆಂ.ಮೀ. ಅಗಲ. ಬಲಿತ ಅಮರಿಲ್ಲಿಸ್ ಗಡ್ಡೆ ಅದರಲ್ಲಿ ಹಿಡಿಸುವುದಿಲ್ಲ, ಡೇರೆಯ ಗೊಂಚಲು ಹಿಡಿಸುವ ಮಾತೇ ಇಲ್ಲ, ಮಳೆ ಲಿಲ್ಲಿಗೆ ಅಷ್ಟು ದೊಡ್ಡ ರಂಧ್ರ ಬೇಕಿಲ್ಲ. ಸುಗಂಧರಾಜ ಮತ್ತು ಗ್ಲ್ಯಾಡಿಯೋಲಸ್ ಹಿಡಿಸುತ್ತವೆ, ನಿಜ. ಆದರೆ ಅವೆರಡನ್ನೂ ಸಾಲಿನಲ್ಲಿ ನೆಡುವುದು ವಾಡಿಕೆಯಾದ್ದರಿಂದ ಒಂದೊಂದಾಗಿ ರಂಧ್ರ ಕೊರೆಯುವುದಕ್ಕಿಂತ ಗುದ್ದಲಿಯಿಂದ ಒಂದು ಕಾಲುವೆ ಎಳೆಯುವುದೇ ಬೇಗ ಆಗುತ್ತದೆ.

ಎರಡನೆಯ ಹಂತ: ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ

ನೆಡಬೇಕೆಂದಿರುವ ಜಾಗಕ್ಕೆ ಹಿಂದಿನ ಸಂಜೆ ನೀರು ಹಾಯಿಸಿ, ಮರುದಿನ ಬೆಳಿಗ್ಗೆ ಒಂದು ಗೇಣು ಆಳದವರೆಗೆ ಮೂರು ಕಡೆ ಅಗೆದು ನೋಡಬೇಕು. ಬರೀ ಮೇಲ್ಮಣ್ಣು ನೋಡಿ ತೀರ್ಮಾನಿಸುವುದು ತಪ್ಪು, ಏಕೆಂದರೆ ನಗರಗಳ ಮನೆಯಂಗಳದಲ್ಲಿ ಮೇಲೆ ನಾಲ್ಕು ಬೆರಳು ಕೆಂಪು ಮಣ್ಣು ಹರಡಿ, ಕೆಳಗೆ ಮನೆ ಕಟ್ಟಿದಾಗಿನ ಇಟ್ಟಿಗೆ ಚೂರು, ಜಲ್ಲಿ, ಗಟ್ಟಿಯಾದ ಸಿಮೆಂಟ್ ಗಾರೆ ಹಾಗೇ ಉಳಿದಿರುವುದು ಸಾಮಾನ್ಯ. ಮೂರು ಗುಂಡಿಗಳಲ್ಲಿ ಒಂದರಲ್ಲಾದರೂ ಸಲಕರಣೆ ‘ಠಣ್’ ಎಂದರೆ ಕೊಳವೆಯಾಕಾರದ ಪ್ಲಾಂಟರನ್ನೂ ಡ್ರಿಲ್ಲಿಗೆ ಹಾಕುವ, ತಿರುಪಿನಂತೆ ನೆಲ ಕೊರೆಯುವ ಆಗರನ್ನೂ ಪಟ್ಟಿಯಿಂದ ಹೊಡೆದುಹಾಕಬಹುದು.

ಬಳಿಕ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ ಸೊಂಟದೆತ್ತರದಿಂದ ನೆಲಕ್ಕೆ ಬಿಡಿ. ಉಂಡೆ ಕಟ್ಟಿ, ಬಿದ್ದ ಕೂಡಲೇ ಉದುರಿದರೆ ಅದು ಹದವಾದ ಮಣ್ಣು. ಬೆಂಗಳೂರು, ಕೋಲಾರ, ತುಮಕೂರಿನ ಕೆಂಪು ಗೋಡು ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿದ್ದರೆ ಹೀಗಿರುತ್ತದೆ, ಯಾವ ಸಲಕರಣೆಯೂ ನಡೆಯುತ್ತದೆ. ಬಿದ್ದರೂ ಒಡೆಯದೆ ಚಪ್ಪಟೆಯಾಗಿ ಅಂಟಿಕೊಂಡರೆ ಅದು ಎರೆ ಮಣ್ಣಿನ ಗುಣ. ಧಾರವಾಡ, ಗದಗ, ವಿಜಯಪುರದ ಕಡೆಯ ತೋಟಗಳಲ್ಲಿ ಇದೇ ಹೆಚ್ಚು. ಹಸಿಯಿದ್ದಾಗ ಅಲಗಿಗೆ ಮೆತ್ತಿಕೊಳ್ಳುವ, ಒಣಗಿದಾಗ ಕಲ್ಲಿನಂತೆ ಬಿರಿಯುವ ಈ ಮಣ್ಣಿಗೆ ನಯವಾದ ಸ್ಟೇನ್‌ಲೆಸ್ ಸ್ಟೀಲ್ ಅಲಗು, ಹಲ್ಲಿರುವ ಫೋರ್ಕ್ ಇವೆರಡೂ ಬೇಕು. ಉಂಡೆಯೇ ಕಟ್ಟದೆ ಬೆರಳ ಸಂದಿಯಿಂದ ಸೋರಿದರೆ ಮರಳು ಮಣ್ಣು. ಕರಾವಳಿಯ ಮನೆಯವರಿಗೆ ಪರಿಚಿತವಾದದ್ದು. ಅಲ್ಲಿ ರಂಧ್ರ ಕೊರೆಯುವ ಸಾಧನ ಎತ್ತಿದ ಕ್ಷಣವೇ ರಂಧ್ರ ಮುಚ್ಚಿಹೋಗುತ್ತದೆ, ಹಾಗಾಗಿ ಮಣ್ಣನ್ನು ಎತ್ತಿ ಪಕ್ಕಕ್ಕಿಡುವ ಬೋಗುಣಿಯಂಥ ಅಗಲ ಅಲಗು ಬೇಕಾಗುತ್ತದೆ.

ಜಂಬಿಟ್ಟಿಗೆ ನೆಲದ ಮಾತು ಬೇರೆ. ಅಲ್ಲಿ ಹಾರೆ ಮತ್ತು ಪಿಕಾಸಿ ಇಲ್ಲದೆ ಗುಂಡಿಯೇ ಆಗುವುದಿಲ್ಲ. ಗುಂಡಿಯಾದರೂ ಅದರಲ್ಲಿ ನೀರು ನಿಲ್ಲುತ್ತದೆ. ಇಂಥ ಕಡೆ ನೆಲ ಅಗೆಯುವ ಹಟ ಬಿಟ್ಟು, ಸುತ್ತ ಕಲ್ಲು ಜೋಡಿಸಿ ಒಂದು ಗೇಣು ಎತ್ತರದ ಏರು ಮಡಿ ಕಟ್ಟಿ, ಹೊರಗಿನಿಂದ ತಂದ ಮಣ್ಣು ತುಂಬುವುದೇ ಜಾಣತನ. ಆಗ ಬೇಕಾಗುವ ಸಲಕರಣೆ ಸಲಿಕೆ ಮತ್ತು ಬಾಂಡ್ಲಿ.

ಮೂರನೆಯ ಹಂತ: ನೆಲ ಸಡಿಲಿಸುವ ದೊಡ್ಡ ಸಲಕರಣೆ

ಗಡ್ಡೆಯ ಬೇರು ಇಳಿಯುವುದು ಗಡ್ಡೆಯ ಕೆಳಗೆ. ಆದ್ದರಿಂದ ನೆಡುವ ಆಳದಷ್ಟೇ ಮಣ್ಣು ಸಡಿಲಿಸಿದರೆ ಸಾಲದು, ಅದಕ್ಕಿಂತ ಇನ್ನೊಂದು ಗೇಣು ಕೆಳಗಿನವರೆಗೂ ಸಡಿಲಿಸಬೇಕು. ಈ ಕೆಲಸಕ್ಕೆ ಗುದ್ದಲಿಗಿಂತ ಒಳ್ಳೆಯದು ನಮ್ಮಲ್ಲಿ ಇನ್ನೊಂದಿಲ್ಲ. ಆದರೆ ಹೊಲದ ಗುದ್ದಲಿಯನ್ನು ಹಿತ್ತಲಿಗೆ ತರಬೇಡಿ. ಹೊಲದ್ದು ಅಗಲ ಮತ್ತು ಭಾರ. ಹತ್ತಡಿ ಉದ್ದದ ಮಡಿಯಲ್ಲಿ, ಪಕ್ಕದಲ್ಲಿ ದಾಸವಾಳದ ಬೇರೋ ಕಾಂಪೌಂಡಿನ ಗೋಡೆಯೋ ಇರುವಾಗ, ಅದನ್ನು ಬೀಸುವುದಕ್ಕೇ ಜಾಗ ಸಿಗುವುದಿಲ್ಲ. ನಾಲ್ಕೈದು ಇಂಚು ಅಗಲದ ಅಲಗು, ಎರಡೂವರೆ ಅಡಿಯ ಕಾವು ಇರುವ ಕೈಗುದ್ದಲಿ ಮನೆತೋಟಕ್ಕೆ ಸರಿಯಾದದ್ದು.

ಸಾಧ್ಯವಿದ್ದರೆ ಇದನ್ನು ಕಮ್ಮಾರರ ಕುಲುಮೆಯಲ್ಲಿ ಮಾಡಿಸಿಕೊಳ್ಳಿ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಮಾಡಿದ ಅಲಗು ಬಾಯಿಯ ಹರಿತವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ. ಅಂಗಡಿಯ ತಗಡಿನ ಗುದ್ದಲಿಗೆ ಆ ಗುಣವಿಲ್ಲ. ಕಾವಿಗೆ ಜಾಲಿ ಮರ ಗಟ್ಟಿ. ಕಾವಿನ ಎಳೆಗಳು ಉದ್ದಕ್ಕೂ ನೇರವಾಗಿ ಹರಿದಿವೆಯೇ ಎಂಬುದನ್ನು ಬೆಳಕಿಗೆ ಹಿಡಿದು ನೋಡಬೇಕು. ಎಳೆ ಓರೆಯಾಗಿ ಹೊರಗೆ ಓಡಿದ ಕಡೆ, ಇಲ್ಲವೇ ಗಂಟು ಇರುವ ಕಡೆ ಅದು ಮುರಿಯುತ್ತದೆ. ಕೊಂಡ ಕಾವು ಒಣಗಿ ಸಡಿಲವಾದಾಗ ಗುದ್ದಲಿಯನ್ನು ರಾತ್ರಿ ನೀರಿನಲ್ಲಿ ನೆನೆಸಿಡುವ ರೂಢಿಯಿದೆ, ಅದರಿಂದ ತಾತ್ಕಾಲಿಕವಾಗಿ ಬಿಗಿಯಾದರೂ ಒಣಗಿದ ಮೇಲೆ ಮತ್ತೆ ಸಡಿಲವಾಗುತ್ತದೆ. ಒಂದು ತೆಳು ಬೆಣೆ ಹೊಡೆಯುವುದೇ ಶಾಶ್ವತ ಪರಿಹಾರ.

ನಾಲ್ಕನೆಯ ಹಂತ: ಕೈಸಲಿಕೆಯ ಆಯ್ಕೆ

ಒಂದೇ ಒಂದು ಸಲಕರಣೆಗೆ ಹೆಚ್ಚು ಹಣ ಖರ್ಚು ಮಾಡುವುದಾದರೆ ಅದು ಇದಕ್ಕಾಗಿ ಇರಲಿ. ಟ್ರೋವೆಲ್ ಎಂದು ಅಂಗಡಿಯಲ್ಲಿ ಕೇಳುವ ಈ ಚಿಕ್ಕ ಸಲಿಕೆಯಲ್ಲಿ ಎರಡು ಬಗೆಗಳಿವೆ. ಅಗಲವಾದದ್ದು ಕುಂಡಕ್ಕೆ ಮಣ್ಣು ತುಂಬಲು, ಐದಾರು ಸೆಂ.ಮೀ. ಅಗಲದ, ಉದ್ದ ಮೂತಿಯ, ಅಲಗಿನ ಮೇಲೆ ಸೆಂಟಿಮೀಟರ್ ಗೆರೆಗಳನ್ನು ಕೊರೆದಿರುವ ಕಿರಿದಾದದ್ದು ನೆಡಲು. ಹೂಗಡ್ಡೆಗೆ ಬೇಕಾದದ್ದು ಎರಡನೆಯದು. ಗೆರೆಗಳಿಗೆ ಬರೀ ಬಣ್ಣ ಹಚ್ಚಿದ್ದರೆ ಬೇಗನೆ ಉಜ್ಜಿಹೋಗುತ್ತವೆ, ಲೋಹದಲ್ಲೇ ಅಚ್ಚೊತ್ತಿರಬೇಕು. ಗೆರೆಯಿಲ್ಲದ ಒಳ್ಳೆಯ ಅಲಗು ಸಿಕ್ಕರೆ ಅದನ್ನೇ ಕೊಂಡು, ಮೂತಿಯಿಂದ 5 ಮತ್ತು 10 ಸೆಂ.ಮೀ. ದೂರದಲ್ಲಿ ಅರದಿಂದ ಎರಡು ಗೀರು ಹಾಕಿಕೊಳ್ಳಬಹುದು.

ಕೈಸಲಿಕೆ ಹಾಳಾಗುವುದು ಅಲಗಿನಲ್ಲಲ್ಲ, ಕುತ್ತಿಗೆಯಲ್ಲಿ. ಅಲಗು ಹಿಡಿಗೆ ಸೇರುವ ಆ ಎರಡಿಂಚು ಜಾಗವನ್ನು ಅಂಗಡಿಯಲ್ಲೇ ತಿರುಗಿಸಿ ನೋಡಬೇಕು. ಅಗ್ಗದ ಸಲಕರಣೆಯಲ್ಲಿ ಕುತ್ತಿಗೆಯೂ ಅದೇ ತೆಳು ತಗಡಿನ ಮುಂದುವರಿಕೆಯಾಗಿದ್ದು, ಬಲ ಬರಲೆಂದು ಅದನ್ನು ಅರ್ಧ ಕೊಳವೆಯಂತೆ ಮಡಿಚಿರುತ್ತಾರೆ. ಗಟ್ಟಿ ಮಣ್ಣಿನಲ್ಲಿ ಮೂತಿ ಸಿಕ್ಕಿಕೊಂಡು ಹಿಡಿಯನ್ನು ಕೆಳಗೆ ಒತ್ತಿದಾಗ ಮಡಿಕೆ ಬಿಚ್ಚಿಕೊಳ್ಳುತ್ತದೆ; ಆಮೇಲೆ ನೇರ ಮಾಡಿದರೂ ಅದೇ ಜಾಗದಲ್ಲಿ ಪುನಃ ಬಾಗುತ್ತದೆ. ಇನ್ನು ಕೆಲವದರಲ್ಲಿ ದಪ್ಪ ಸರಳೊಂದನ್ನು ಅಲಗಿನ ಬೆನ್ನಿಗೆ ಬೆಸುಗೆ ಹಾಕಿರುತ್ತಾರೆ. ಬೆಸುಗೆ ಎರಡು ಚುಕ್ಕೆಯಷ್ಟೇ ಇದ್ದರೆ ಬೇಡ. ಸರಳಿನ ಸುತ್ತ ಎಡೆಬಿಡದೆ ಹರಿದಿದ್ದರೆ ತೆಗೆದುಕೊಳ್ಳಬಹುದು. ಎಲ್ಲಕ್ಕಿಂತ ಒಳ್ಳೆಯದು ಅಲಗು, ಕುತ್ತಿಗೆ, ಹಿಡಿಯೊಳಗೆ ಹೋಗುವ ಬಾಲ ಮೂರೂ ಒಂದೇ ಉಕ್ಕಿನ ತುಂಡಿನಿಂದ ಬಡಿದು ಮಾಡಿದ್ದು. ಬಾಲವು ಹಿಡಿಯ ಅರ್ಧಕ್ಕಿಂತ ಒಳಗೆ ಹೋಗಿದೆಯೇ ಎಂದು ಅಂಗಡಿಯವರನ್ನು ಕೇಳುವುದರಲ್ಲಿ ಸಂಕೋಚ ಬೇಡ. ಮೂತಿಯನ್ನು ನೆಲಕ್ಕೆ ಊರಿ, ಹಿಡಿಯ ಮೇಲೆ ಸ್ವಲ್ಪ ಭಾರ ಬಿಟ್ಟು ನೋಡಿ; ಕುತ್ತಿಗೆ ಕಣ್ಣಿಗೆ ಕಾಣುವಷ್ಟು ಬಳುಕಿದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಲೋಹದ ವಿಚಾರದಲ್ಲಿ ಮಣ್ಣೇ ತೀರ್ಮಾನ ಕೊಡುತ್ತದೆ. ಅಂಟು ಮಣ್ಣಿಗೆ, ಕರಾವಳಿಯ ಉಪ್ಪುಗಾಳಿಗೆ, ಮಲೆನಾಡಿನ ತೇವಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಸೂಕ್ತ. ಗರಸು ಮಿಶ್ರಿತ ಗಟ್ಟಿ ಕೆಂಪು ನೆಲಕ್ಕೆ ಕಾರ್ಬನ್ ಸ್ಟೀಲ್ ವಾಸಿ. ತುಕ್ಕು ಹಿಡಿಯುತ್ತದೆ, ಆದರೆ ಅರ ಹಾಕಿ ಸುಲಭವಾಗಿ ಹರಿತ ಮಾಡಿಕೊಳ್ಳಬಹುದು. ಅಲ್ಯೂಮಿನಿಯಂ ಎರಕದ ಕೈಸಲಿಕೆ ಹಗುರ, ತುಕ್ಕು ಹಿಡಿಯದು, ಆದರೆ ಮೂತಿ ಬೇಗ ಸವೆಯುತ್ತದೆ. ಬಾಲ್ಕನಿಯ ಕುಂಡಗಳಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದ ಮಣ್ಣಿನಲ್ಲಿ ಮಾತ್ರ ನೆಡುವವರಿಗೆ ಅದು ಸಾಕು. ಮಳೆ ಲಿಲ್ಲಿಯಂಥ ಪುಟ್ಟ ಗಡ್ಡೆಗಳನ್ನು ಕುಂಡದಲ್ಲಿ ಇಳಿಸಲು ಅಡುಗೆಮನೆಯ ಹಳೆಯ ಸ್ಟೀಲ್ ಚಮಚಕ್ಕಿಂತ ಅನುಕೂಲವಾದದ್ದನ್ನು ನಾನಂತೂ ಕಂಡಿಲ್ಲ.

ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದಾಗ ಹೆಬ್ಬೆರಳು ತೋರುಬೆರಳನ್ನು ಮುಟ್ಟಬೇಕು. ಗಂಡಸರ ಕೈಗೆ ಅಳೆದು ಮಾಡಿದ ದಪ್ಪ ಹಿಡಿಯಿಂದ ಸಣ್ಣ ಕೈಯವರಿಗೆ ಸ್ವಲ್ಪ ಹೊತ್ತಿನಲ್ಲೇ ಮಣಿಕಟ್ಟು ನೋಯುತ್ತದೆ. ಸಂಧಿನೋವಿರುವ ಹಿರಿಯರಿಗೆ ನುಣುಪಾದ ಪ್ಲಾಸ್ಟಿಕ್ಕಿಗಿಂತ ಮರದ ಇಲ್ಲವೇ ರಬ್ಬರ್ ಹೊದಿಕೆಯ ಹಿಡಿ ಹಿತವಾಗಿರುತ್ತದೆ.

ಟ್ರೋವೆಲ್ ಸಿಗದ ಊರಿನಲ್ಲಿ ಸಂತೆಯ ಕುರ್ಪಿಯೇ ಸಾಕೆಂದು ಧೈರ್ಯವಾಗಿ ಹೇಳಬಹುದು. ಕುಳಿತು ಕೆಲಸ ಮಾಡುವವರಿಗೆ ಅದು ಟ್ರೋವೆಲ್‌ಗಿಂತಲೂ ಚೆನ್ನಾಗಿ ಒಗ್ಗುತ್ತದೆ, ಮಣ್ಣು ಕೆದಕುವುದು, ಕಳೆ ಕೀಳುವುದು, ಸಾಲು ಎಳೆಯುವುದು ಎಲ್ಲವೂ ಅದರಲ್ಲೇ ಆಗುತ್ತದೆ. ಅಲಗು ಚಪ್ಪಟೆಯಾಗಿರುವುದರಿಂದ ಮಣ್ಣು ಎತ್ತಿ ಹಾಕಲು ಬರುವುದಿಲ್ಲ ಎಂಬುದೊಂದೇ ಕೊರತೆ. ಗಾರೆ ಕೆಲಸದ ಕರಣೆಯನ್ನು ಮಾತ್ರ ಬಳಸಬೇಡಿ. ಅದರ ಕುತ್ತಿಗೆ ಗಾರೆ ಸವರಲು ಮಾಡಿದ್ದೇ ಹೊರತು ನೆಲ ಮೀಟಲು ಮಾಡಿದ್ದಲ್ಲ.

ಐದನೆಯ ಹಂತ: ಪ್ಲಾಂಟರ್, ಆಗರ್, ಗೂಟ ಇವು ನಿಮಗೆ ಬೇಕೇ?

ಬಲ್ಬ್ ಪ್ಲಾಂಟರ್ ಕೆಳಗೆ ಕಿರಿದಾಗುತ್ತ ಹೋಗುವ, ಬಾಯಿಯಲ್ಲಿ ಹಲ್ಲಿರುವ ಕೊಳವೆ. ನೆಲಕ್ಕೊತ್ತಿ ಅತ್ತಿತ್ತ ತಿರುಗಿಸಿ ಎತ್ತಿದರೆ ಮಣ್ಣಿನ ತುಂಡು ಕೊಳವೆಯೊಳಗೇ ಬರುತ್ತದೆ. ಗಡ್ಡೆ ಇಟ್ಟ ಮೇಲೆ ಹಿಡಿಯ ಸನ್ನೆಯನ್ನು ಅದುಮಿದರೆ ಆ ತುಂಡು ರಂಧ್ರಕ್ಕೆ ಮರಳಿ ಬೀಳುತ್ತದೆ. ಕೇಳಲು ಸೊಗಸಾಗಿದೆ. ಆದರೆ ಎಲ್ಲ ಸಲೀಸಾಗಿ ನಡೆಯುವುದು ಮಣ್ಣು ಕಲ್ಲಿಲ್ಲದೆ, ಹದವಾದ ತೇವದಲ್ಲಿದ್ದಾಗ ಮಾತ್ರ. ಒಣ ಮರಳು ಕೊಳವೆಯಿಂದ ಸೋರುತ್ತದೆ. ಹಸಿ ಎರೆ ಮಣ್ಣು ಒಳಗೇ ಗಟ್ಟಿಯಾಗಿ ಸಿಕ್ಕಿಕೊಂಡು, ಕೊನೆಗೆ ಕಡ್ಡಿಯಿಂದ ತಿವಿದು ತೆಗೆಯಬೇಕಾಗುತ್ತದೆ. ಅಂಟು ಮಣ್ಣಿನಲ್ಲಿ ಇನ್ನೊಂದು ತೊಡಕೂ ಇದೆ. ತಿರುಗುವ ಕೊಳವೆ ರಂಧ್ರದ ಗೋಡೆಯನ್ನು ಉಜ್ಜಿ ನುಣುಪು ಮಾಡುತ್ತದೆ, ಆ ನುಣುಪು ಗೋಡೆಯಲ್ಲಿ ನೀರು ಇಂಗದೆ ನಿಂತು ಗಡ್ಡೆ ಕೊಳೆಯುತ್ತದೆ. ಬಳಸಲೇಬೇಕಾದರೆ ಗಡ್ಡೆ ಇಡುವ ಮೊದಲು ಗೋಡೆಯನ್ನೂ ತಳವನ್ನೂ ಕುರ್ಪಿಯ ತುದಿಯಿಂದ ಕೆರೆದು ಒರಟು ಮಾಡಬೇಕು.

ಇದರ ನಿಜವಾದ ಜಾಗ ಹುಲ್ಲುಹಾಸು. ಹುಲ್ಲಿನ ನಡುವೆ ಅಲ್ಲಲ್ಲಿ ಮಳೆ ಲಿಲ್ಲಿ ಗುಂಪುಗಳನ್ನು ಬೆಳೆಸಬೇಕೆಂದರೆ, ಹುಲ್ಲು ಸಮೇತ ಒಂದು ಬಿಲ್ಲೆ ಎತ್ತಿ, ಕೆಳಗೆ ಮೂರು ನಾಲ್ಕು ಗಡ್ಡೆ ಇಟ್ಟು, ಬಿಲ್ಲೆಯನ್ನು ಮೊದಲಿದ್ದಂತೆ ಕೂರಿಸಬಹುದು. ಅಮೆರಿಕ, ಬ್ರಿಟನ್, ಜರ್ಮನಿಯಲ್ಲಿ ನೆಲೆಸಿ ಅಕ್ಟೋಬರ್–ನವೆಂಬರಿನಲ್ಲಿ ಟ್ಯೂಲಿಪ್ ಮತ್ತು ಡ್ಯಾಫೊಡಿಲ್ ನೆಡುವ ಕನ್ನಡಿಗರಿಗೆ ಈ ಸಲಕರಣೆ ನಿಜಕ್ಕೂ ಉಪಯುಕ್ತ. ಅಲ್ಲಿ ಗಡ್ಡೆ 15 ಸೆಂ.ಮೀ. ಅಥವಾ ಅದಕ್ಕೂ ಆಳಕ್ಕೆ ಹೋಗಬೇಕು, ಸಂಖ್ಯೆಯೂ ಹತ್ತಿಪ್ಪತ್ತರಲ್ಲಿ ನಿಲ್ಲುವುದಿಲ್ಲ. ಅವರು ಕೈ ಪ್ಲಾಂಟರ್ ಬಿಟ್ಟು, ನಿಂತೇ ಕಾಲಿನಿಂದ ತುಳಿಯಬಹುದಾದ ಅಡ್ಡಪಟ್ಟಿಯಿರುವ ಉದ್ದ ಹಿಡಿಯದನ್ನು ಕೊಳ್ಳುವುದು ಬೆನ್ನಿಗೆ ಒಳ್ಳೆಯದು. ಬೆಂಗಳೂರಿನಲ್ಲಿ ಟ್ಯೂಲಿಪ್ ಬೆಳೆಸುವ ಆಸೆಯಿಂದ ಪ್ಲಾಂಟರ್ ಕೊಳ್ಳುವವರಿಗೆ ಒಂದು ಮಾತು: ಟ್ಯೂಲಿಪ್ ಹೂಬಿಡಲು ಕೆಲವು ತಿಂಗಳ ಚಳಿ ಬೇಕು, ನಮ್ಮ ನೆಲ ಅಷ್ಟು ತಣ್ಣಗಾಗುವುದೇ ಇಲ್ಲ. ಮೊದಲೇ ತಣಿಸಿದ ಗಡ್ಡೆಯನ್ನು ಕುಂಡದಲ್ಲಿಟ್ಟು ಒಮ್ಮೆ ಹೂ ನೋಡಬಹುದು, ಅದಕ್ಕೆ ಪ್ಲಾಂಟರಿನ ಅಗತ್ಯವಿಲ್ಲ.

ಡ್ರಿಲ್ ಯಂತ್ರಕ್ಕೆ ಜೋಡಿಸುವ ಆಗರ್ ಈಗ ಸುಲಭವಾಗಿ ಸಿಗುತ್ತದೆ. ಕಲ್ಲಿಲ್ಲದ, ಮೊದಲೇ ಸಡಿಲಿಸಿದ ನೆಲದಲ್ಲಿ ಒಂದೇ ದಿನ ನೂರಾರು ಗಡ್ಡೆ ನೆಡಬೇಕಾದವರಿಗೆ ಅದು ಕೆಲಸ ಉಳಿಸುತ್ತದೆ. ಕಲ್ಲಿಗೋ ಬೇರಿಗೋ ತಗುಲಿದಾಗ ಆಗರ್ ತಟ್ಟನೆ ನಿಂತು ಯಂತ್ರವೇ ತಿರುಗಿ ಮಣಿಕಟ್ಟನ್ನು ತಿರುಚುತ್ತದೆ. ಆದ್ದರಿಂದ ಕಡಿಮೆ ವೇಗ, ಎರಡೂ ಕೈಗಳ ಹಿಡಿತ ಕಡ್ಡಾಯ. ನೀರಿನ ಪೈಪು, ಹನಿ ನೀರಾವರಿಯ ನಳಿಕೆ, ನೆಲದಡಿಯ ವಿದ್ಯುತ್ ತಂತಿ ಎಲ್ಲಿ ಹಾದಿವೆ ಎಂಬುದು ಗೊತ್ತಿಲ್ಲದ ಅಂಗಳದಲ್ಲಿ ಅದನ್ನು ಇಳಿಸಲೇಬಾರದು.

ಚೂಪು ಗೂಟದಿಂದ ತೂತು ಮಾಡಿ ಗಡ್ಡೆ ಇಳಿಬಿಡುವುದು ಸುಲಭವೆನಿಸಿದರೂ ತೂತಿನ ತಳ ಚೂಪಾಗಿರುವುದರಿಂದ ಗಡ್ಡೆ ಮಧ್ಯದಲ್ಲೇ ಸಿಕ್ಕಿ, ಕೆಳಗೆ ಗಾಳಿ ಉಳಿಯುತ್ತದೆ. ಬೇರು ಆ ಪೊಳ್ಳಿನಲ್ಲಿ ಒಣಗುತ್ತದೆ. ಗೂಟದ ತುದಿಯನ್ನು ಮೊಂಡು ಮಾಡಿಕೊಂಡರೆ ಸಣ್ಣ ಗಡ್ಡೆಗಳಿಗೆ ಅಡ್ಡಿಯಿಲ್ಲ.

ಆರನೆಯ ಹಂತ: ಸಲಕರಣೆಗಳನ್ನು ಬಳಸುವ ಕ್ರಮ

ಸುಗಂಧರಾಜವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಶೃಂಗಾರ, ಪ್ರಜ್ವಲ್, ಸುವಾಸಿನಿ, ವೈಭವ್ ತಳಿಗಳಲ್ಲಿ ಯಾವುದನ್ನು ಆರಿಸಿದರೂ ನೆಡುವ ಕ್ರಮ ಒಂದೇ. ನೆಲವನ್ನು ಕೈಗುದ್ದಲಿಯಿಂದ ಎರಡು ಬಾರಿ ಅಗೆದು, ಹೆಂಟೆಗಳನ್ನು ಗುದ್ದಲಿಯ ಹಿಂಬದಿಯಿಂದ ಒಡೆದು, ಕೊಟ್ಟಿಗೆ ಗೊಬ್ಬರ ಬೆರೆಸಿ ಮಟ್ಟ ಮಾಡಿ. ಎರಡು ಗೂಟಗಳ ನಡುವೆ ಹುರಿ ಕಟ್ಟಿ, ಅದರ ಗುಂಟ ಕುರ್ಪಿ ಅಥವಾ ಗುದ್ದಲಿಯ ಮೂಲೆಯಿಂದ 6–7 ಸೆಂ.ಮೀ. ಆಳದ ಸಾಲು ಎಳೆಯಿರಿ. ಕೆಳಗೆ ಒಂದು ಬೆರಳಷ್ಟು ಸಡಿಲ ಮಣ್ಣು ಬಿದ್ದರೆ ಗಡ್ಡೆ ಸರಿಯಾದ ಆಳದಲ್ಲಿ ಕೂರುತ್ತದೆ. ಸಾಲಿನಿಂದ ಸಾಲಿಗೆ 30, ಗಡ್ಡೆಯಿಂದ ಗಡ್ಡೆಗೆ 20 ಸೆಂ.ಮೀ. ಅಂತರವಿಟ್ಟರೆ ಒಂದು ಚದರ ಮೀಟರಿಗೆ ಹದಿನೈದು ಹದಿನಾರು ಗಡ್ಡೆ ಹಿಡಿಯುತ್ತವೆ. ಅಂತರಕ್ಕೆ ಟೇಪು ಹಿಡಿದು ಬಗ್ಗುತ್ತಿರುವ ಬದಲು 20 ಸೆಂ.ಮೀ. ಉದ್ದಕ್ಕೆ ಕತ್ತರಿಸಿದ ಒಂದು ಕಡ್ಡಿ ಕೈಯಲ್ಲಿದ್ದರೆ ಸಾಕು. ಮೊಳಕೆಯ ತುದಿ ಮೇಲೆ ಬರುವಂತೆ ಗಡ್ಡೆ ಇಟ್ಟು, ಮಣ್ಣನ್ನು ಕೈಯಿಂದಲೇ ಮುಚ್ಚಿ ಅಂಗೈಯಿಂದ ಮೆಲ್ಲಗೆ ಒತ್ತಿ. ಕಾಲಿನಿಂದ ತುಳಿಯಬಾರದು.

ಡೇರೆಗೆ ಸಲಕರಣೆಯ ಸರದಿ ಬದಲಾಗುತ್ತದೆ. ಮೊದಲು ಹಾರೆಯಿಂದ ಒಂದೂವರೆ ಅಡಿ ಆಳದ ತೂತು ಮಾಡಿ ಆಸರೆಯ ಕೋಲನ್ನು ನಿಲ್ಲಿಸಿ, ಅದರ ಪಕ್ಕದಲ್ಲಿ ಗುಂಡಿ ತೋಡಿ ಗಡ್ಡೆ ಇಡಬೇಕು. ಗಿಡ ಬೆಳೆದ ಮೇಲೆ ಕೋಲು ನೆಡಲು ಹೋದರೆ ಅದು ಕಣ್ಣಿಗೆ ಕಾಣದ ಗಡ್ಡೆಯನ್ನೇ ಸೀಳುತ್ತದೆ. ಸಾಗರ, ಸಿರಸಿಯ ಕಡೆ ಮೊದಲ ಮಳೆಯ ಹೊತ್ತಿಗೆ ನೆಟ್ಟ ಡೇರೆ ಚೌತಿಯಿಂದ ನವರಾತ್ರಿಯವರೆಗೆ ಹೂಬಿಡುತ್ತದೆ. ಅಷ್ಟರಲ್ಲಿ ಸುರಿಯುವ ಮಳೆಗೆ ತಗ್ಗಿನ ಗುಂಡಿ ಕೆರೆಯಾಗುವುದರಿಂದ ಅಲ್ಲಿ ಸಲಿಕೆಯಿಂದ ದಿಬ್ಬ ಏರಿಸಿ, ದಿಬ್ಬದ ಮೇಲೆ ನೆಡುವುದು ವಾಸಿ.

ಕೈಗವಸು ಯಾವಾಗ ಬೇಕೆಂಬುದನ್ನೂ ಇಲ್ಲೇ ಹೇಳಬೇಕು. ಗೌರಿ ಹೂ, ಅಗ್ನಿಶಿಖೆ ಎಂದೆಲ್ಲ ಹೆಸರಿರುವ ಗ್ಲೋರಿಯೋಸಾದ ಗಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ಪ್ರಬಲ ವಿಷವಿದೆ. ನುಂಗಿದರೆ ಪ್ರಾಣಕ್ಕೇ ಅಪಾಯ. ಅದನ್ನು ಮುಟ್ಟುವಾಗ ರಬ್ಬರ್ ಕೈಗವಸು ಹಾಕಿಕೊಂಡು, ಉಳಿದ ಚೂರುಗಳನ್ನು ಮಕ್ಕಳ, ದನಕರುಗಳ ಬಾಯಿಗೆ ಸಿಗದಂತೆ ಹೂಳಬೇಕು. ನೇಗಿಲಿನ ಆಕಾರದ ಆ ಗಡ್ಡೆ ಬಹಳ ಪೆಡಸು, ತುದಿಯ ಮೊಳಕೆ ಮುರಿದರೆ ಅದು ಚಿಗುರುವುದಿಲ್ಲ, ಹಾಗಾಗಿ ಅಗಲ ಗುಂಡಿ ತೋಡಿ ಮಲಗಿಸಿಡಬೇಕು. ಡ್ಯಾಫೊಡಿಲ್, ಹಯಸಿಂತ್, ಟ್ಯೂಲಿಪ್ ಗಡ್ಡೆಗಳೂ ಕೆಲವರ ಚರ್ಮಕ್ಕೆ ತುರಿಕೆ ತರುತ್ತವೆ.

ಏಳನೆಯ ಹಂತ: ಕೀಳುವ ಸಲಕರಣೆಯನ್ನೂ ಈಗಲೇ ಆರಿಸಿ

ನೆಡುವ ದಿನ ಯಾರೂ ಇದನ್ನು ಯೋಚಿಸುವುದಿಲ್ಲ. ನನ್ನ ಮಟ್ಟಿಗೆ ಪ್ಲಾಂಟರಿಗೆ ಕೊಡುವ ಹಣವನ್ನು ಉಳಿಸಿ ಒಂದು ಒಳ್ಳೆಯ ನಾಲ್ಕು ಹಲ್ಲಿನ ಫೋರ್ಕಿಗೆ ಹಾಕುವುದು ಉತ್ತಮ. ಸುಗಂಧರಾಜ ಎರಡು ಮೂರು ವರ್ಷಗಳಲ್ಲಿ ಒತ್ತೊತ್ತಾಗಿ ಮರಿ ಹಾಕಿ ಹೂ ಸಣ್ಣದಾಗುತ್ತ ಬರುತ್ತದೆ, ಆಗ ಕಿತ್ತು ಬಿಡಿಸಲೇಬೇಕು. ಡೇರೆಯನ್ನು ಗಿಡ ಒಣಗಿದ ಮೇಲೆ ಕಿತ್ತು ಮುಂದಿನ ಮಳೆಯವರೆಗೆ ಕಾಪಾಡುವವರೇ ಹೆಚ್ಚು. ಗ್ಲ್ಯಾಡಿಯೋಲಸ್ ಎಲೆ ಹಳದಿಯಾದಾಗ ಹೊರಗೆ ಬರುತ್ತದೆ. ಗುದ್ದಲಿಯಿಂದ ಈ ಕೆಲಸಕ್ಕಿಳಿದರೆ ನಾಲ್ಕರಲ್ಲಿ ಒಂದು ಗಡ್ಡೆಯಾದರೂ ಎರಡು ಹೋಳಾಗುತ್ತದೆ.

ಫೋರ್ಕಿನ ಹಲ್ಲುಗಳ ತುದಿ ಮೊಂಡಾಗಿರಲಿ, ಹಲ್ಲು ಚಪ್ಪಟೆಯಾಗಿರಲಿ. ಅಂಥದು ಗಡ್ಡೆಯನ್ನು ಚುಚ್ಚದೆ ಮಣ್ಣು ಸಮೇತ ಎತ್ತುತ್ತದೆ. ಸುಗಂಧರಾಜದ ಬುಡದಿಂದ 15 ಸೆಂ.ಮೀ., ಡೇರೆಯ ಬುಡದಿಂದ ಒಂದು ಅಡಿ ದೂರದಲ್ಲಿ ಫೋರ್ಕನ್ನು ನೇರವಾಗಿ ಇಳಿಸಿ, ಸುತ್ತಲೂ ನಾಲ್ಕು ಕಡೆ ಮೀಟಿ ಸಡಿಲಿಸಿದ ಮೇಲೆಯೇ ಎತ್ತಬೇಕು. ಕಾಂಡ ಹಿಡಿದು ಎಳೆಯುವುದು ಬೇಡವೇ ಬೇಡ. ಡೇರೆಯ ಗೊಂಚಲನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ: ಪ್ರತಿ ಗಡ್ಡೆಯೂ ಪೆನ್ಸಿಲ್ ದಪ್ಪದ ಕುತ್ತಿಗೆಯೊಂದರಿಂದ ಹಳೆಯ ಕಾಂಡದ ಬುಡಕ್ಕೆ ಅಂಟಿಕೊಂಡಿರುತ್ತದೆ, ಮೊಳೆಯುವ ಕಣ್ಣುಗಳಿರುವುದು ಆ ಬುಡದಲ್ಲೇ ಹೊರತು ಗಡ್ಡೆಯ ಮೈಮೇಲಲ್ಲ. ಕುತ್ತಿಗೆ ಮುರಿದ ಗಡ್ಡೆ ಎಷ್ಟೇ ದಪ್ಪವಿದ್ದರೂ ಮಣ್ಣಿನಲ್ಲಿ ಸುಮ್ಮನೆ ಕೂರುತ್ತದೆ. ಬಿಡಿಸುವಾಗ ಪ್ರತಿ ಹೋಳಿಗೂ ಕಾಂಡದ ಬುಡದ ಒಂದು ಚೂರು, ಅದರಲ್ಲಿ ಒಂದಾದರೂ ಕಣ್ಣು ಉಳಿಯುವಂತೆ ಕೊಯ್ಯಬೇಕಾದ್ದರಿಂದ ದಪ್ಪ ಮಚ್ಚಿನ ಬದಲು ತೆಳು ಅಲಗಿನ ಹರಿತವಾದ ಚಾಕು ಬೇಕು.

ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಚಾಕುವನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಎಲೆಯಲ್ಲಿ ಹಳದಿ ಮಚ್ಚೆ ಮೂಡಿಸುವ ನಂಜುರೋಗಗಳು (ವೈರಸ್ ರೋಗಗಳು) ರಸದ ಮೂಲಕ ಅಲಗಿಗೆ ಅಂಟಿ ಹರಡಬಲ್ಲವು. ಬೇರನ್ನು ಕಾಡುವ ಜಂತುಹುಳುಗಳು (ನೆಮಟೋಡ್) ಮಣ್ಣಿನ ಜೊತೆಗೇ ಸಾಗುವುದರಿಂದ, ಅವುಗಳ ಕಾಟವಿರುವ ಮಡಿಯಲ್ಲಿ ಬಳಸಿದ ಫೋರ್ಕನ್ನು ಹಲ್ಲಿನ ಸಂದಿಯ ಮಣ್ಣು ಹೋಗುವಂತೆ ತೊಳೆಯದೆ ಇನ್ನೊಂದು ಮಡಿಗೆ ಒಯ್ಯಬೇಡಿ.

ಎಂಟನೆಯ ಹಂತ: ಕೆಲಸ ಮುಗಿದ ಮೇಲೆ

ಮಣ್ಣನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಅಲಗಿಗೆ ತೆಳ್ಳಗೆ ಎಣ್ಣೆ ಸವರಿಡಿ. ಬಕೆಟ್ಟಿಗೆ ಒಣ ಮರಳು ತುಂಬಿ ಸ್ವಲ್ಪ ಎಂಜಿನ್ ಎಣ್ಣೆ ಬೆರೆಸಿ, ಕೈಸಲಿಕೆ ಮತ್ತು ಕುರ್ಪಿಗಳನ್ನು ಅದರಲ್ಲಿ ಚುಚ್ಚಿಡುವ ಉಪಾಯವೂ ಇದೆ. ಒಣ ಬಯಲುಸೀಮೆಯಲ್ಲಿ ಚೆನ್ನಾಗಿ ನಡೆಯುತ್ತದೆ, ಮಲೆನಾಡಿನ ಆಷಾಢದಲ್ಲಿ ಮರಳೇ ತೇವ ಹೀರುವುದರಿಂದ ಅಲ್ಲಿ ಗೋಡೆಯ ಮೊಳೆಗೆ ತೂಗುಹಾಕುವುದೇ ಸರಿ. ಮರದ ಹಿಡಿ ಮತ್ತು ಕಾವುಗಳಿಗೆ ವರ್ಷಕ್ಕೊಮ್ಮೆ ಮರಳು ಕಾಗದ ಉಜ್ಜಿ ಅಗಸೆ ಎಣ್ಣೆ ಹಚ್ಚಿದರೆ ಸೀಳು ಬಿಡುವುದಿಲ್ಲ. ಕೈಸಲಿಕೆಯ ಮೂತಿಗೆ ಅರ ಹಾಕುವಾಗ ಒಳಮೈಯ ಒಂದೇ ಬದಿಗೆ, ಹೊರದಿಕ್ಕಿಗೆ ತಳ್ಳುತ್ತ ಉಜ್ಜಬೇಕು. ಎರಡೂ ಬದಿ ಉಜ್ಜಿದರೆ ಅಂಚು ತೆಳುವಾಗಿ ಮೊದಲ ಕಲ್ಲಿಗೇ ಮಡಚಿಕೊಳ್ಳುತ್ತದೆ. ಹಿಡಿಗೆ ಒಂದು ಪಟ್ಟಿ ಕೆಂಪು ಇಲ್ಲವೇ ಹಳದಿ ಟೇಪು ಸುತ್ತಿಟ್ಟರೆ, ಮಣ್ಣಿನ ಬಣ್ಣದ ಸಲಕರಣೆ ಗೊಬ್ಬರದ ರಾಶಿಯಲ್ಲಿ ಹೂತುಹೋಗಿ ಮಳೆಗಾಲ ಕಳೆದ ಮೇಲೆ ತುಕ್ಕು ಹಿಡಿದು ಸಿಗುವುದು ತಪ್ಪುತ್ತದೆ.